ಸೆಲ್ಲರ್‌ದಾಗ ನೀರ ನುಗ್ಗೇತಿ, ಸಂಪಿನ ಮೋಟರ್ ಕೈ ಕೊಟ್ಟೈತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಿರಗ ಮಳಿ ಚಾಲೂ ಆತಂದ್ರ ನಮ್ಮ ಮೋಟರ್ ರಿಪೇರಿ ಅಂಗಡಿ ಫೋನ್ ಸುಮ್ನ ಇರೂದಿಲ್ರಿ. ಬೆಳಗಾವಿ ಒಳಗ ಟಿಳಕವಾಡಿ, ಶಹಾಪುರ, ವಡಗಾಂವ, ಅನಗೋಳ, ಎಲ್ಲಾ ಕಡಿಂದ ಅವ ಪ್ರಶ್ನೆ ಬರತಾವು, ಅದೂ ರಾತ್ರಿ ಹನ್ನೊಂದಕ್ಕ, ನೀರೊಳಗ ನಿಂತಕೊಂಡ. ಗಡಿಬಿಡಿಯಾಗ ಫೋನಿನ ಮ್ಯಾಲ ಎಲ್ಲಾ ಹೇಳಾಕ ಆಗೂದಿಲ್ಲ, ಅದಕ್ಕ ಇಲ್ಲಿ ಕೂಡಿಸಿ ಬರದೇನಿ. ಈಗ ನಿಮ್ಮ ಮನ್ಯಾಗ ನೀರ ನಿಂತಿದ್ರ ಬ್ಯಾರೆದೆಲ್ಲಾ ಬಿಟ್ಟ ಎರಡನೇ ಪ್ರಶ್ನೆ ಒಂದ ಮೊದಲ ಓದ್ರಿ.

## ಮೊದಲ ಗೊತ್ತಿರಬೇಕಾದ್ದು

ಸಂಪ್ ಪಂಪ್ ಅಂದ್ರ ನಮ್ಮ ಕುಡಿಯೋ ನೀರಿನ ಸಂಪಿನ ಮೋಟರೇ ಏನ್ರಿ, ಇಲ್ಲಾ ಬ್ಯಾರೆನಾ?

ಬ್ಯಾರೆ. ನಮ್ಮ ಕಡೆ ಸಂಪ್ ಅಂದ್ರ ಅಂಗಳದಾಗಿನ ನೀರಿನ ಟಾಕಿ, ನಳ ಬಿಟ್ಟಾಗ ತುಂಬಿಸಿ ಇಟ್ಕೊಂಡು ಮೋಟರ್ ಹಚ್ಚಿ ಮ್ಯಾಲಿನ ಟಾಕಿಗೆ ಏರಸತೀವಿ. ವಿಡಿಯೋದಾಗ ನೋಡೋ ಸಂಪ್ ಪಂಪ್ ಅಂದ್ರ ಸೆಲ್ಲರ್ ಮೂಲ್ಯಾಗ ಒಂದ ತಗ್ಗ ತೋಡಿ, ಬಸಿದು ಬಂದ ನೀರ ಎಲ್ಲಾ ಅಲ್ಲೇ ಕೂಡೂ ಹಂಗ ಮಾಡಿ, ಅದರಾಗ ಇಳಿಬಿಟ್ಟ ಮೋಟರ್, ಅದು ನೀರ ಹೊರಗ ಗಟಾರಕ್ಕ ಒಗಿತೈತಿ. ಒಂದು ನೀರ ಉಳಸಾಕ, ಇನ್ನೊಂದು ನೀರ ಕಳಸಾಕ. ಈಗ ಕಟ್ಟೋ ಮನಿ, ಅಪಾರ್ಟ್‌ಮೆಂಟಿನ್ಯಾಗ ಎರಡೂ ಇರತಾವು, ಮತ್ತ ಎರಡೂ ಕೆಡೂದು ಹೆಚ್ಚು ಕಡಿಮಿ ಒಂದ ಥರ, ಹಿಂಗಾಗಿ ಎರಡರ ಬಗ್ಗೆನೂ ಹೇಳತೇನಿ.

ಸೆಲ್ಲರ್‌ದಾಗ ಮೊಣಕಾಲ ಮಟ ನೀರ ಐತಿ, ಮೋಟರ್ ಬಂದ್ ಬಿದ್ದೈತಿ, ಈಗಿಂದೀಗ ಏನ ಮಾಡ್ಲಿ?

ನೀರಾಗ ಕಾಲ ಇಡಬ್ಯಾಡ್ರಿ. ಇದನ್ನ ಎಷ್ಟ ಸಲ ಹೇಳಿದ್ರೂ ಕಡಿಮಿನ. ಮೋಟರ್ ಬಂದ್ ಐತಿ ಅಂದ್ರ ಕರೆಂಟ ಬಂದ್ ಐತಿ ಅಂತ ಅರ್ಥ ಅಲ್ಲ, ಒಳಗ ವೈರ್ ಹರದು ನೀರಿಗೇ ಕರೆಂಟ ಹರೀತಿರಬಹುದು, ಅದು ಕಣ್ಣಿಗೆ ಕಾಣೂದಿಲ್ಲ, ಸದ್ದೂ ಮಾಡೂದಿಲ್ಲ. ಮೇನ್ ಸ್ವಿಚ್ ಮ್ಯಾಲ ಒಣ ಜಾಗದಾಗ ಇದ್ರ ಒಣ ಕೈಲೆ, ಕಾಲಾಗ ಒಣ ರಬ್ಬರ್ ಚಪ್ಪಲ ಹಾಕ್ಕೊಂಡ ಬಂದ್ ಮಾಡ್ರಿ. ಆದ್ರ ಭಾಳ ಕಡೆ ಮೀಟರ್ ಬೋರ್ಡ ಸೆಲ್ಲರ್‌ದಾಗನ ಇರತೈತಿ, ಅಲ್ಲಿ ಹೋಗಬೇಕಂದ್ರ ನೀರ ತುಳೀಬೇಕು. ಹಂಗಿದ್ರ ಹೋಗಬ್ಯಾಡ್ರಿ, ಹೆಸ್ಕಾಂಗ 1912ಕ್ಕ ಫೋನ್ ಹಚ್ಚಿ ಕಂಬದ ಮ್ಯಾಲಿಂದನ ಲೈನ್ ತಗಿಸ್ರಿ. ಯಾರಿಗರ ಶಾಕ್ ಹೊಡದಿದ್ರ ಮುಟ್ಟಬ್ಯಾಡ್ರಿ, ಕರೆಂಟ ತಗಿಸಿ 112ಕ್ಕ ಹಚ್ರಿ.

ಕರೆಂಟ ಖಾತ್ರಿ ಬಂದ್ ಆದಮ್ಯಾಲ ಮುಂದಿನ ಮಾತು. ರಸ್ತೆ ಕಡಿಂದ ಇನ್ನೂ ನೀರ ಬರತಿದ್ರ ಮೊದಲ ಅದನ್ನ ತಡೀರಿ, ರ‍್ಯಾಂಪ್ ಬಾಯಿಗೆ ಉಸುಕಿನ ಚೀಲ ಅಡ್ಡ ಹಾಕ್ರಿ, ಉಸುಕ ಇಲ್ಲಂದ್ರ ಗೊಬ್ಬರದ ಚೀಲದಾಗ ಮಣ್ಣ ತುಂಬಿದ್ರೂ ನಡೀತೈತಿ. ಬರೋ ನೀರ ನಿಲ್ಲದ ಹೋಗೋ ನೀರಿಗೆ ಬೆಲಿ ಇಲ್ಲ. ಮುಳುಗಿದ ಗಾಡಿ ಸೆಲ್ಫ್ ಹೊಡಿಯಾಕ ಹೋಗಬ್ಯಾಡ್ರಿ, ಎಂಜಿನ್ ಒಳಗ ನೀರ ಹೊಕ್ಕಿದ್ರ ಅಲ್ಲೇ ಮುರಕೊಂಡ ಕೂಡತೈತಿ.

ಕರೆಂಟ ಇಲ್ಲ, ಪೆಟ್ರೋಲ್ ಪಂಪ ಇಲ್ಲಾ ಜನರೇಟರ್ ಕೆಳಗ ಇಳಿಸಿ ಹಚ್ಚಬಹುದೇನ್ರಿ?

ಬ್ಯಾಡ. ಎಂಜಿನ್ ಹೊಗಿಯಾಗ ಕಾರ್ಬನ್ ಮಾನಾಕ್ಸೈಡ್ ಅಂತ ಇರತೈತಿ, ವಾಸನಿ ಇಲ್ಲ, ಬಣ್ಣ ಇಲ್ಲ, ಸೆಲ್ಲರ್‌ನಂಥ ಮುಚ್ಚಿದ ಜಾಗದಾಗ ಕೂಡಿಕೊಂಡ ಅಂದ್ರ ತಲಿ ತಿರಗಿ ಬೀಳೂದ ಒಂದ, ಎದ್ದ ಬರಾಕ ಆಗೂದಿಲ್ಲ. ಎಂಜಿನ್ ಹೊರಗ ಬಯಲಾಗ ಇರಬೇಕು, ಕಿಡಕಿ ಬಾಗಲದಿಂದನೂ ದೂರ. ಪೈಪ್ ಅಷ್ಟ ಒಳಗ ಇಳಿಬಿಡ್ರಿ. ಪೈಪ್ ಮುಟ್ಟೂದಿಲ್ಲಂದ್ರ ಉದ್ದನ ಪೈಪ್ ಹುಡಕ್ರಿ, ಎಂಜಿನ್ ಒಳಗ ತರಬ್ಯಾಡ್ರಿ.

## ಏನ ಕೆಟ್ಟೈತಿ ಅಂತ ಗುರ್ತಾ ಹಿಡಿಯೂದು

ಸ್ವಿಚ್ ಹಾಕಿದ್ರ ಗುಂಯ್ ಅಂತೈತಿ, ತಿರಗೂದಿಲ್ಲ. ಮೋಟರ್ ಸುಟ್ಟೈತೇನ್ರಿ?

ಗುಂಯ್ ಅಂತೈತಿ ಅಂದ್ರ ಇನ್ನೂ ಜೀವ ಐತಿ. ತಕ್ಷಣ ಬಂದ್ ಮಾಡ್ರಿ ಅಷ್ಟ, ಯಾಕಂದ್ರ ತಿರಗದ ನಿಂತ ಮೋಟರ್ ಮಾಮೂಲಿಗಿಂತ ನಾಕೈದ ಪಟ್ಟ ಕರೆಂಟ ಎಳೀತೈತಿ, ಹಿಂಗ ಸ್ವಲ್ಪ ಹೊತ್ತ ಬಿಟ್ರ ವೈಂಡಿಂಗ್, ಅಂದ್ರ ಮೋಟರ್ ಒಳಗ ಸುತ್ತಿದ ತಂತಿ, ಖರೇನ ಸುಡತೈತಿ. ಈಗ ತಿರಗತೈತಿ ಆಗ ತಿರಗತೈತಿ ಅಂತ ಸ್ವಿಚ್ ಹಾಕಿ ಹಾಕಿ ನೋಡೋರ ಮೋಟರೇ ನಮ್ಮ ಅಂಗಡಿಗೆ ಹೆಚ್ಚ ಬರತಾವು.

ಕಾರಣ ಮೂರ ಇರತಾವು. ವೋಲ್ಟೇಜ್ ಕಡಿಮಿ ಇರಬಹುದು, ಮಳಿಗಾಲದ ರಾತ್ರಿ 230 ಇರೋದು 170ಕ್ಕ ಇಳದಿದ್ರ ಮೋಟರ್ ಎತ್ತೂದಿಲ್ಲ. ಎರಡನೇದು ಕೆಪ್ಯಾಸಿಟರ್. ಸಿಂಗಲ್ ಫೇಸ್ ಮೋಟರಿಗೆ ಮೊದಲನೇ ತಿರುವ ಕೊಡೋದು ಅದ. ಅದರ ಹೊಟ್ಟಿ ಉಬ್ಬಿದ್ರ, ಎಣ್ಣಿ ಜಿನಗಿದ್ರ ಅದು ಹೋತು ಅಂತ ತಿಳೀರಿ. ಮ್ಯಾಲ ಬರದ ನಂಬರ್ ನೋಡಿ ಅಷ್ಟ ಮೈಕ್ರೋಫ್ಯಾರಡಿಂದ, ಅಷ್ಟ ವೋಲ್ಟಿಂದ ತರಬೇಕು, ಹೆಚ್ಚಿಗಿದ್ದದ್ದು ಹಾಕಿದ್ರ ಜೋರ ಆಗತೈತಿ ಅನ್ನೂದು ತಪ್ಪು. ಕರೆಂಟ ತಗದ ಮ್ಯಾಲೂ ಅದರಾಗ ಚಾರ್ಜ್ ಉಳದಿರತೈತಿ, ಬರೇ ಕೈಲೆ ಮುಟ್ಟಬ್ಯಾಡ್ರಿ, ಹಳೇ ಮಾದರಿ ಬಲ್ಬಿನ ಹೋಲ್ಡರಿನ ಎರಡ ವೈರ್ ಅದರ ಎರಡ ಕಾಲಿಗೆ ಮುಟ್ಟಿಸಿ ಇಳಿಸಿ ಆಮ್ಯಾಲ ಬಿಚ್ಚರಿ. ಮೂರನೇದು ಒಳಗ ಏನರ ಸಿಕ್ಕೊಂಡಿರತೈತಿ. ಮೋನೋಬ್ಲಾಕ್ (ಮೋಟರ್ ಪಂಪ ಕೂಡಿ ಒಂದ ಆಗಿರೋ, ನೀರಿನ ಹೊರಗ ಕೂಡೋ ಮೋಟರ್) ಇದ್ರ ಕರೆಂಟ ತಗದು ಹಿಂದ ಫ್ಯಾನ್ ಕಡೆ ಶಾಫ್ಟ್ ತುದ್ಯಾಗ ಸ್ಕ್ರೂಡ್ರೈವರ್ ಇಟ್ಟ ತಿರಗಿಸಿ ನೋಡ್ರಿ. ಬ್ಯಾಸಿಗಿ ತುಂಬ ಹಚ್ಚದ ಬಿಟ್ಟ ಮೋಟರ್ ಜಂಗ್ ಹಿಡದ ಬಿಗದಿರತೈತಿ, ಎರಡ ಸುತ್ತ ಕೈಲೆ ತಿರಗಿಸಿದ್ರ ಬಿಟ್ಕೋತೈತಿ.

ಏನೂ ಸದ್ದಿಲ್ಲ, ಸತ್ತಂಗ ಬಿದ್ದೈತಿ. ಎಲ್ಲಿಂದ ನೋಡ್ಲಿ?

ಕರೆಂಟಿನ ಹಾದಿ ಹಿಡದ ಬರ್ರಿ. ಅದ ಲೈನಿನ ಬ್ಯಾರೆ ಪ್ಲಗ್ ನಡೀತೈತೋ, ಬೋರ್ಡಿನ ಎಂಸಿಬಿ ಸ್ವಿಚ್ ಬಿದ್ದೈತೋ, ಸ್ಟಾರ್ಟರಿನ ಓವರ್‌ಲೋಡ್ ಬಟನ್ ಹಾರೈತೋ. ಇಷ್ಟೂ ಸರಿ ಇದ್ರ ಉಳಿಯೂದು ಫ್ಲೋಟ್ ಸ್ವಿಚ್, ಸೆಲ್ಲರ್ ಪಂಪಿನ್ಯಾಗ ಹೆಚ್ಚಾಗಿ ಕೆಡೂದೂ ಅದ. ನೀರ ಏರಿದಂಗ ಏರಿ ಮೋಟರ್ ಚಾಲೂ ಮಾಡೋ ಉಂಡಿ ಅದು.

ಒಂದ ಮನ್ಯಾಗ ನೋಡಿದ್ದು ಹೇಳತೇನಿ. ವಯಸ್ಸಾದ ಗಂಡ ಹೆಂಡತಿ ಇಬ್ಬರ, ಮೋಟರ್ ಸುಟ್ಟೈತಿ ಹೊಸಾದು ತೊಗೊಂಡ ಬರ್ರಿ ಅಂತ ಫೋನ್ ಮಾಡಿದ್ರು. ಬ್ಯಾಟರಿ ಹಚ್ಚಿ ತಗ್ಗಿನ್ಯಾಗ ನೋಡಿದ್ರ ಹಿಂದಿನ ವರ್ಷದ ಗಣಪತಿ ಮಂಟಪದ ಥರ್ಮಾಕೋಲ್, ಸೆಲ್ಲರ್‌ದಾಗ ಇಟ್ಟಿದ್ದು ನೀರಿಗೆ ತೇಲಿ ಬಂದು, ಒಂದ ಅಂಗೈಯಷ್ಟ ತುಣುಕು ಫ್ಲೋಟ್ ಮತ್ತ ಪೈಪ್ ನಡುವ ಬಿಗಿಯಾಗಿ ಕೂತಿತ್ತು. ಅದರ ಮ್ಯಾಲ ಬಂಗಾರ ಬಣ್ಣದ ಕಾಗದ ಇನ್ನೂ ಹಂಗ ಅಂಟಿತ್ತು. ಕರೆಂಟ ತಗದು ಕೋಲಿಲೆ ಅದನ್ನ ಸರಿಸಿ, ಮತ್ತ ಕರೆಂಟ ಕೊಟ್ಟಕೂಡ್ಲೆ ಮೋಟರ್ ತಾನ ಎದ್ದು ನೀರ ಒಗಿಯಾಕ ಹತ್ತಿತು. ಅಜ್ಜಿ ಮೆಟ್ಟಲಮ್ಯಾಲ ಕೂತ ಅತ್ತಬಿಟ್ರು, ಯಾಕಂದ್ರ ಆ ಸೆಲ್ಲರ್‌ದಾಗ ಅವರ ಮಗಳ ಮದುವಿ ಫೋಟೋ ಪೆಟ್ಟಿಗಿ ಇತ್ತು. ಅದಕ್ಕ ಹೇಳೂದು, ಹೊಸಾ ಮೋಟರ್ ತರೂಕ್ಕಿಂತ ಮೊದಲ ಫ್ಲೋಟ್ ನೋಡ್ರಿ.

ಮೋಟರ್ ಚೊಲೊ ತಿರಗತೈತಿ ಆದ್ರ ನೀರ ಎತ್ತವಲ್ತು, ಯಾಕ?

ಹೊರಗ ಇಟ್ಟ ಮೋನೋಬ್ಲಾಕ್ ಆದ್ರ ನೂರಕ್ಕ ತೊಂಬತ್ತ ಸಲ ಗಾಳಿ ಹೊಕ್ಕಿರತೈತಿ ಅಂತ ನನ್ನ ಅನುಭವ. ಸಂಪಿನ ತಳದಾಗಿನ ಫೂಟ್ ವಾಲ್ವ್‌ದಾಗ ಕಸ ಸಿಕ್ಕು ಮುಚ್ಚಿಕೊಳ್ಳದ ಹೋದ್ರ ಪೈಪಿನ ನೀರ ರಾತ್ರಿ ಎಲ್ಲಾ ಕೆಳಗ ಇಳೀತೈತಿ, ಮುಂಜಾನೆ ಮೋಟರ್ ಬರೇ ಗಾಳಿ ತಿರವತೈತಿ. ಮ್ಯಾಲಿನ ನೀರ ತುಂಬೋ (ಪ್ರೈಮಿಂಗ್) ಬಿರಡಿ ಬಿಚ್ಚಿ ತಂಬಿಗಿಲೆ ನೀರ ಹಾಕ್ರಿ, ಗುಳ್ಳಿ ಬರೂದ ನಿಲ್ಲೂ ತನಕ. ಹಾಕಿದಷ್ಟೂ ಇಳದು ಹೋಗತೈತಿ ಅಂದ್ರ ಫೂಟ್ ವಾಲ್ವ್ ಹೋಗೈತಿ. ನೀರ ನಿಲ್ಲತೈತಿ ಆದ್ರೂ ಎತ್ತೂದಿಲ್ಲ ಅಂದ್ರ ಸಕ್ಷನ್ ಪೈಪಿನ ಜೋಡಣಿಯಾಗ ಗಾಳಿ ಎಳೀತೈತಿ, ಎಂಸೀಲ್ ಹಚ್ಚಿ ತಾತ್ಪೂರ್ತಿಕ ಮಾಡ್ಕೋಬಹುದು.

ಇನ್ನೊಂದ ಮಾತು. ಮ್ಯಾಲ ಕೂತ ಮೋಟರ್ ನೀರನ್ನ ಎಳೀತೈತಿ ಅಂತೀವಲ್ಲ, ಖರೇ ಅಂದ್ರ ಹೊರಗಿನ ಗಾಳಿ ಭಾರ ನೀರನ್ನ ಮ್ಯಾಲ ದೂಡತೈತಿ. ಸಮುದ್ರದ ಮಟ್ಟದಾಗ ಅದರ ಹದ್ದು ಸುಮಾರು 10.3 ಮೀಟರ್, ಬೆಳಗಾವಿ ಸುಮಾರು 750 ಮೀಟರ್ ಎತ್ತರದಾಗ ಐತಿ, ಇಲ್ಲಿ ಇನ್ನೂ ಕಡಿಮಿ, ಕೈಗೆ ಸಿಗೂದು ಆರ ಮೀಟರ್, ಅಂದ್ರ ಇಪ್ಪತ್ತ ಫೂಟ್. ಅದಕ್ಕಿಂತ ಆಳ ಇದ್ರ ನೀರಾಗ ಮುಳುಗೋ ಓಪನ್‌ವೆಲ್ ಸಬ್‌ಮರ್ಸಿಬಲ್ ಹಾಕೂದ ಹಾದಿ.

ಸೆಲ್ಲರ್ ಪಂಪ ಎತ್ತವಲ್ತು ಅಂದ್ರ ಬುಡದ ಜಾಳಗಿ ಕಟ್ಟಿರತೈತಿ, ಅದು ಇಲ್ಲಾಂದ್ರ ಹೊರಗಿನ ಪೈಪಿನ ಬಾಯಿ ಗಟಾರದ ಹೂಳಿನ್ಯಾಗ ಹುಗದ ಹೋಗಿರತೈತಿ. ಹೊರಗ ಹೋಗಿ ನೋಡೂದ ಎಲ್ಲಾರೂ ಮರೀತಾರ.

ನಿಮಿಷಕ್ಕೊಮ್ಮೆ ಚಾಲೂ ಆಗತೈತಿ ಬಂದ್ ಆಗತೈತಿ, ಇದೇನ?

ಏರಿದ ನೀರ ತಿರಗಿ ಬರದಂಗ ತಡಿಯೋ ಎನ್‌ಆರ್‌ವಿ ವಾಲ್ವ್ ಇಲ್ಲ, ಇಲ್ಲಾಂದ್ರ ಕೆಟ್ಟೈತಿ. ಎರಡ ಇಂಚಿನ ಪೈಪ್ 15 ಫೂಟ್ ಎತ್ತರ ಇದ್ರ ಅದರಾಗ ಸುಮಾರು 9 ಲೀಟರ್ ನೀರ ಇರತೈತಿ, ಮೋಟರ್ ನಿಂತಕೂಡ್ಲೆ ಅಷ್ಟೂ ತಿರಗಿ ತಗ್ಗಿಗೆ ಬೀಳತೈತಿ, ಫ್ಲೋಟ್ ಏರತೈತಿ, ಮೋಟರ್ ಮತ್ತ ಅದ ನೀರ ಎತ್ತತೈತಿ. ಸಣ್ಣ ತಗ್ಗಿನ್ಯಾಗ ಹಿಂಗ ಒಂದ ರಾತ್ರಿ ನಡದ್ರ ಮೋಟರ್ ಕಾದ ಹೋಗತೈತಿ. ಹೊಸಾ ವಾಲ್ವ್ ಹಾಕಿಸಿದಾಗ ಅದರ ಕೆಳಗ, ಪಂಪಿಗೂ ವಾಲ್ವಿಗೂ ನಡುವಿನ ಪೈಪಿಗೆ 3 ಮಿಲಿಮೀಟರ್ ತೂತ ಒಂದ ಹೊಡಸ್ರಿ, ಗಾಳಿ ಸಿಕ್ಕೊಳ್ಳೂದಿಲ್ಲ.

ಮೋಟರ್ ಹಚ್ಚಿದಕೂಡ್ಲೆ ಮನಿ ಕರೆಂಟೆಲ್ಲಾ ಹೋಗತೈತಿ, ಅದಕ್ಕ ಆ ಟ್ರಿಪ್ಪರ್ ತಗದ ಹಾಕ್ಲ್ಯಾ?

ಕೈ ಮುಗಿದು ಹೇಳತೇನಿ, ತಗೀಬ್ಯಾಡ್ರಿ. ಆ ಟ್ರಿಪ್ಪರ್, ಅಂದ್ರ 30 ಮಿಲಿಆಂಪ್ ಆರ್‌ಸಿಸಿಬಿ, ಬೀಳತೈತಿ ಅಂದ್ರ ಮೋಟರಿಂದ ಕರೆಂಟ ನೀರಿಗೋ ಮಣ್ಣಿಗೋ ಸೋರತೈತಿ, ಅದು ನಿಮ್ಮ ಜೀವ ಕಾಯಾಕತ್ತೈತಿ. ಕೇಬಲ್ ಜಾಯಿಂಟ್‌ನ್ಯಾಗ ನೀರ ಹೋಗಿರತೈತಿ, ಇಲ್ಲಾಂದ್ರ ಮೆಕ್ಯಾನಿಕಲ್ ಸೀಲ್ ಸವದು ಮೋಟರ್ ಒಳಗ ನೀರ ಇಳದಿರತೈತಿ. ಮೋಟರಿನ ಪ್ಲಗ್ ಕಿತ್ತ ಇಡ್ರಿ, ಆಮ್ಯಾಲ ಟ್ರಿಪ್ಪರ್ ಬೀಳದ ಮನಿ ಕರೆಂಟ ಉಳದ್ರ ದೋಷ ಮೋಟರಿಂದ ಅಂತ ಖಾತ್ರಿ. ಟ್ರಿಪ್ಪರೇ ಇಲ್ಲದ ಮನಿ ಇನ್ನೂ ಭಾಳ ಅದಾವು, ಅಂಥವರು ಈ ಮಳಿಗಾಲಕ್ಕ ಬ್ಯಾರೆ ಏನ ಮಾಡದಿದ್ರೂ ಇದೊಂದ ಹಾಕಿಸ್ರಿ.

## ತುರ್ತು ರಿಪೇರಿ

ರಾತ್ರಿ ಮಿಸ್ತ್ರಿ ಯಾರೂ ಬರೂದಿಲ್ಲ, ಮುಂಜಾನಿ ತನಕ ಹೆಂಗ ತಡೀಲಿ?

ತಗ್ಗು ಜಾಗಕ್ಕ ಗಾರ್ಡನ್ ಪೈಪ್ ಹಾಕಿ ಸೈಫನ್ ಮಾಡೂ ವಿಚಾರ ಎಲ್ಲಾರಿಗೂ ಬರತೈತಿ, ಆದ್ರ ಸೆಲ್ಲರ್ ರಸ್ತೆಗಿಂತ ಕೆಳಗ ಇರೋವಾಗ ಅದು ಆಗೂದಿಲ್ಲ, ಹೊರಗಿನ ಬಾಯಿ ಒಳಗಿನ ನೀರಿಗಿಂತ ಕೆಳಗ ಇರಬೇಕು. ಓಣ್ಯಾಗ ಯಾರಾದ್ರೂ ಮನಿ ಕಟ್ಟಾಕತ್ತಿದ್ರ ಅವರ ಹತ್ರ ಕ್ಯೂರಿಂಗ್ ಪಂಪ ಇರತೈತಿ, ನಮ್ಮ ಸುತ್ತಿನ ಹಳ್ಳ್ಯಾಗ ರೈತರ ಹತ್ರ ಹೊಲದಾಗಿನ ಎಂಜಿನ್ ಪಂಪ ಇರತೈತಿ, ನಾಚಿಕಿ ಬಿಟ್ಟ ಕೇಳ್ರಿ. ಕಟ್ಟಿದ ಜಾಳಗಿ ಸ್ವಚ್ಛ ಮಾಡಾಕ ಪಂಪ ಮ್ಯಾಲ ಎತ್ತಬೇಕಾದ್ರ ಹಗ್ಗ ಹಿಡದ ಎತ್ತರಿ, ಕೇಬಲ್ ಹಿಡದ ಜಗ್ಗಿದ್ರ ಒಳಗಿನ ಸೀಲ್ ಕಿತ್ತ ಬರತೈತಿ. ಜಾಳಗಿ ಇಲ್ಲದ ಪಂಪನ್ನ ಬಿದಿರ ಬುಟ್ಟಿಯಾಗ ಕೂಡಸಿ ಇಳಿಬಿಡ್ರಿ, ಕಸ ಹೊರಗ ಉಳೀತೈತಿ. ಫ್ಲೋಟ್ ಕೆಟ್ಟಿದ್ರ ಅದನ್ನ ಬಿಟ್ಟ ಡೈರೆಕ್ಟ್ ಜೋಡಿಸಿ ನಡಸಬಹುದು, ಆದ್ರ ಆ ವೈರಿಂಗ್ ಕೆಲಸ ಗೊತ್ತಿದ್ದವರೇ ಮಾಡಬೇಕು, ಮತ್ತ ಒಬ್ಬರು ಅಲ್ಲೇ ಕುಂತ ನೀರ ಮುಗಿಯೂಕ್ಕಿಂತ ಮೊದಲ ಬಂದ್ ಮಾಡಬೇಕು, ಒಣ ಓಡಿದ್ರ ಸೀಲ್ ಸುಡತೈತಿ.

ಮೋನೋಬ್ಲಾಕ್ ಮೋಟರ್ ಎರಡ ದಿವಸ ನೀರಾಗ ಮುಳುಗಿತ್ತು, ಬಿಸಲಿಗೆ ಒಣಗಿಸಿ ಹಚ್ಚಬಹುದೇನ್ರಿ?

2019ರ ಆಗಸ್ಟ್ ಮಳ್ಯಾಗ ಬೆಳಗಾವಿಯಾಗ ಎಷ್ಟೋ ಮನಿ ಮೋಟರ್ ಹಿಂಗ ಮುಳುಗಿದ್ವು, ನೀರ ಇಳದ ಮರುದಿವಸ ಹಚ್ಚಿ ನೋಡಿದವರು ವೈಂಡಿಂಗ್ ಸುಟ್ಕೊಂಡ ಬಂದ್ರು, ಬಿಚ್ಚಿಸಿ ತಂದವರ ಮೋಟರ್ ಭಾಳಷ್ಟು ಉಳದ್ವು. ಹೊರಗ ಒಣಗಿದ್ರೂ ತಂತಿ ನಡುವಿನ ಕೆಸರ ಒಣಗಿರೂದಿಲ್ಲ. ಬಿಚ್ಚಿ, ಚೊಲೊ ನೀರಿಲೆ ಕೆಸರ ತೊಳದು, ಒಂದೆರಡ ದಿವಸ ಬಿಸಲಿಗೆ ಇಲ್ಲಾ ಬಲ್ಬಿನ ಕಾವಿಗೆ ಇಟ್ಟು, ಕರೆಂಟ ಸೋರತೈತೇನ ಅಂತ ಅಳಿಯೋ 500 ವೋಲ್ಟ್ ಮೆಗ್ಗರ್ ಹಚ್ಚಿ ನೋಡಬೇಕು, ಕನಿಷ್ಠ 1 ಮೆಗಾಓಮ್ ಬಂದ್ರ ಮುಂದಿನ ಮಾತು. ಬೇರಿಂಗ್ ಮಾತ್ರ ಬದ್ಲಾಯಿಸ್ರಿ, ಕೆಸರ ನುಂಗಿದ ಬೇರಿಂಗ್ ಉಳಿಯೂದಿಲ್ಲ. ನಮ್ಮ ಕಡೆ ಮಳಿಗಾಲದ ಬಿಸಲ ಎಲ್ಲಿ ಬರತೈತ್ರಿ, ಬಲ್ಬಿನ ಕಾವ ನಂಬ್ರಿ.

ಮನಿ ಇನ್ವರ್ಟರ್ ಮ್ಯಾಲ ಪಂಪ ನಡೀತೈತೇನು?

1 ಎಚ್‌ಪಿ ಅಂದ್ರ 746 ವ್ಯಾಟ್, ಅದು ಮೋಟರ್ ಕೊಡೋ ಶಕ್ತಿ, ಎಳಿಯೂದು ಅದಕ್ಕಿಂತ ಹೆಚ್ಚು, ಚಾಲೂ ಆಗೋವಾಗಂತೂ ಹಲವು ಪಟ್ಟ. ಮನ್ಯಾಗಿನ 900 ವಿಎ ಇನ್ವರ್ಟರ್ ಅದನ್ನ ತಡಿಯೂದಿಲ್ಲ. ಅರ್ಧ ಎಚ್‌ಪಿ ಸೆಲ್ಲರ್ ಪಂಪಿಗೆ ದೊಡ್ಡ ಇನ್ವರ್ಟರ್ ಹಾಕಿಸಿದ್ರ ನಡೀತೈತಿ, 12 ವೋಲ್ಟ್ 150 ಎಎಚ್ ಬ್ಯಾಟರಿ ಒಂದಕ್ಕ ಹೆಚ್ಚಂದ್ರ ಎರಡ ತಾಸು. ರಾತ್ರಿ ಇಡೀ ಕರೆಂಟ ಹೋಗೋ ಓಣಿ ಇದ್ರ 3 ಕೆವಿಎ ಜನರೇಟರ್ ಬಾಡಿಗಿಗೆ ಎಲ್ಲಿ ಸಿಗತೈತಿ ಅಂತ ಮೊದಲ ಕೇಳಿ ಇಟ್ಕೊಳ್ರಿ.

## ಇನ್ನೂ ಆಳದ ಪ್ರಶ್ನೆ

ನಮ್ಮ ಸೆಲ್ಲರಿಗೆ ಎಷ್ಟ ಎಚ್‌ಪಿ ಪಂಪ ಬೇಕ್ರಿ?

ಎಚ್‌ಪಿ ಕೇಳಬ್ಯಾಡ್ರಿ, ನಿಮಿಷಕ್ಕ ಎಷ್ಟ ಲೀಟರ್ ಅಂತ ಕೇಳ್ರಿ. ಒಂದ ಚದರ ಮೀಟರ್ ಮ್ಯಾಲ 1 ಮಿಲಿಮೀಟರ್ ಮಳಿ ಬಿದ್ರ 1 ಲೀಟರ್ ನೀರ. 300 ಚದರ ಫೂಟ್ ರ‍್ಯಾಂಪ್ ಅಂದ್ರ 28 ಚದರ ಮೀಟರ್, ತಾಸಿಗೆ 50 ಮಿಲಿಮೀಟರ್ ಸುರದ್ರ 1400 ಲೀಟರ್ ಒಳಗ ಬಂತು. ನಿಂತ ನೀರಿನ ಲೆಕ್ಕ ಬ್ಯಾರೆ, 1000 ಚದರ ಫೂಟ್ ಸೆಲ್ಲರ್‌ದಾಗ ಒಂದ ಇಂಚ ನೀರ ಅಂದ್ರ ಸುಮಾರು 2360 ಲೀಟರ್. ಈಗ ನಿಮ್ಮ ಪಂಪಿನ ಹೊರಗಿನ ಬಾಯಿಗೆ 20 ಲೀಟರ್ ಬಕೆಟ್ ಹಿಡೀರಿ, 10 ಸೆಕೆಂಡಿಗೆ ತುಂಬಿದ್ರ ನಿಮಿಷಕ್ಕ 120 ಲೀಟರ್, ಅಂದ್ರ ಒಂದ ಇಂಚ ಇಳಿಯಾಕ 20 ನಿಮಿಷ. ಡಬ್ಬಿ ಮ್ಯಾಲ ಬರದದ್ದು ಎತ್ತರ ಇಲ್ಲದಾಗಿನ ಲೆಕ್ಕ, ಬಕೆಟ್ ಹೇಳೂದು ನಿಮ್ಮ ಮನಿ ಲೆಕ್ಕ. ಪೈಪೂ ಹಂಗ: ಅರ್ಧ ಇಂಚಿನ ಪೈಪಿಗಿಂತ ಎರಡ ಇಂಚಿನ ಪೈಪಿನ ಬಾಯಿ ಹದಿನಾರ ಪಟ್ಟ ದೊಡ್ಡದು, ದೊಡ್ಡ ಮೋಟರ್ ತಂದ ಸಣ್ಣ ಪೈಪ್ ಹಾಕಿದ್ರ ರೊಕ್ಕ ನೀರಿಗೆ ಹೋತು.

ಪಂಪ ಸಿಕ್ಕೈತಿ, ಒಂದ ತಾಸಿನ್ಯಾಗ ಪೂರ್ತಿ ಖಾಲಿ ಮಾಡಿಬಿಡ್ಲ್ಯಾ?

ಒಂದ ಫೂಟ್ ಎರಡ ಫೂಟ್ ಇದ್ರ ಮಾಡ್ರಿ. ನಾಕೈದ ಫೂಟ್ ನಿಂತಿದ್ರ ತಡೀರಿ. ಹೊರಗಿನ ಮಣ್ಣೂ ನೀರ ಕುಡದ ಭಾರ ಆಗಿರತೈತಿ, ಒಳಗಿನ ನೀರ ಗ್ವಾಡಿಗೆ ಆಸರಾಗಿ ನಿಂತಿರತೈತಿ, ಒಮ್ಮೆಲೆ ತಗದ್ರ ಹೊರಗಿನ ಒತ್ತಡಕ್ಕ ಗ್ವಾಡಿ ಒಳಗ ಬಾಗತೈತಿ, ನೆಲ ಉಬ್ಬತೈತಿ. ಒಂದ ಫೂಟ್ ತಗದು ಗ್ವಾಡಿ ಮ್ಯಾಲ ಸೀಮಿಸುಣ್ಣದ ಗೆರಿ ಹಾಕ್ರಿ, ಮುಂಜಾನಿ ನೋಡಿದಾಗ ನೀರ ಗೆರಿಗಿಂತ ಮ್ಯಾಲ ಬಂದಿದ್ರ ಹೊರಗಿನ ನೀರ ಇನ್ನೂ ಇಳದಿಲ್ಲ, ಒಂದ ದಿವಸ ಕಾಯ್ರಿ. ಹುಗದ ಪ್ಲಾಸ್ಟಿಕ್ ಟಾಕಿ ಇದ್ದವರಿಗೂ ಇದ ಮಾತು, ಸುತ್ತಲ ನೀರ ನಿಂತಾಗ ಅದನ್ನ ಖಾಲಿ ಮಾಡಿದ್ರ ತೇಲಿ ಮ್ಯಾಲ ಎದ್ದಬಿಡತೈತಿ.

ಕುಡಿಯೋ ನೀರಿನ ಸಂಪಿನ್ಯಾಗ ಗಟಾರದ ನೀರ ಹೊಕ್ಕೈತಿ, ಬ್ಲೀಚಿಂಗ್ ಹಾಕಿದ್ರ ಆತಲ್ರಿ?

ಆಗೂದಿಲ್ಲ. ಕೆಸರ ಇದ್ರ ಬ್ಲೀಚಿಂಗ್ ಎಲ್ಲಾ ಕೆಸರಿಗೇ ಖರ್ಚಾಗತೈತಿ. ಪೂರ್ತಿ ಖಾಲಿ ಮಾಡಿ, ತಿಕ್ಕಿ ತೊಳದು, ಹೊಸಾ ನೀರ ತುಂಬಿಸಿ ಆಮ್ಯಾಲ 1000 ಲೀಟರಿಗೆ ಸುಮಾರು 2.5 ಗ್ರಾಂ ಚೊಲೊ ಬ್ಲೀಚಿಂಗ್ ಪೌಡರ್. 8 ಫೂಟ್ ಉದ್ದ, 6 ಫೂಟ್ ಅಗಲ, 5 ಫೂಟ್ ಆಳದ ಸಂಪಿನ್ಯಾಗ 6800 ಲೀಟರ್ ಹಿಡೀತೈತಿ, ಅದಕ್ಕ 17 ಗ್ರಾಂ. ಬಕೆಟ್‌ನ್ಯಾಗ ಕರಗಿಸಿ, ತಿಳಿ ಅಷ್ಟ ಹಾಕಿ, ಒಂದ ತಾಸ ಬಿಡ್ರಿ. ಮ್ಯಾಲಿನ ಟಾಕಿಗೆ ಹೊಲಸ ನೀರ ಏರಿದ್ರ ಅದನ್ನೂ ಪೈಪೂ ತೊಳೀಬೇಕು. ಒಂದಿಷ್ಟ ದಿನ ಕಾಸಿ ಆರಿಸಿದ ನೀರ ಕುಡೀರಿ.

ವಿಜಯಪುರ, ಬಾಗಲಕೋಟಿ ಕಡಿಯವರು ಕೇಳತಾರ, ನಮ್ಮ ಓಣ್ಯಾಗ ಪ್ರವಾಹ ಇಲ್ಲ ಆದ್ರೂ ಮಳಿಗಾಲದಾಗ ಸಂಪಿನ ನೀರ ರಾಡಿ ಆಗತೈತಿ ಯಾಕ ಅಂತ. ಎರಿ ಮಣ್ಣ ಬ್ಯಾಸಿಗ್ಯಾಗ ಬಿರೀತೈತಿ ಮಳಿಗೆ ಉಬ್ಬತೈತಿ, ಆ ಜಗ್ಗಾಟಕ್ಕ ಸಂಪಿನ ಗ್ವಾಡಿ ಸೀಳತೈತಿ, ಸೀಳಿನಿಂದ ಹೊರಗಿನ ನೀರ ಒಳಗ ಬರತೈತಿ. ಬ್ಯಾಸಿಗ್ಯಾಗ ಖಾಲಿ ಮಾಡಿ ಸೀಳ ಮುಚ್ಚಿಸೂದ ಒಂದ ಉಪಾಯ.

ಸಂಪ್ ತೊಳಿಯಾಕ ನಾನ ಇಳೀಲ್ಯಾ?

ಒಬ್ಬರ ಇಳೀಬ್ಯಾಡ್ರಿ, ಮುಚ್ಚಳ ತಗದ ಕೂಡ್ಲೆ ಇಳೀಬ್ಯಾಡ್ರಿ. ಮುಚ್ಚಿದ ಸಂಪಿನ್ಯಾಗ ಉಸರಾಡೋ ಗಾಳಿ ಕಡಿಮಿ ಇರತೈತಿ, ಕೊಳಚಿ ಹೊಕ್ಕಿದ್ರ ವಿಷದ ಗಾಳಿನೂ ಇರತೈತಿ. ತಾಸೆರಡ ತಾಸ ಪೂರ್ತಿ ತಗದ ಇಟ್ಟು, ಹೊರಗಿಂದ ಟೇಬಲ್ ಫ್ಯಾನ್ ಹಚ್ಚಿ ಗಾಳಿ ಹೊಡಸ್ರಿ, ಸೊಂಟಕ್ಕ ಹಗ್ಗ ಕಟ್ಟಿ, ಮ್ಯಾಲ ಇಬ್ಬರು ನಿಂದರಬೇಕು. ಒಳಗ ಇಳದವರು ಮಾತಾಡೂದ ನಿಲ್ಲಿಸಿದ್ರ ಹಗ್ಗ ಜಗ್ಗರಿ, ಉಳಸಾಕ ಅಂತ ಹಿಂದ ಇಳೀಬ್ಯಾಡ್ರಿ. ಉಳಸಾಕ ಹೋದವರೇ ಮುಂದಿನ ಹೆಣ ಆಗತಾರ, ಇದು ಹೆದರಸಾಕ ಹೇಳೂ ಮಾತಲ್ಲ. ಕೊಳಚಿ ಹೊಕ್ಕ ಸಂಪಿಗೆ ಮಾತ್ರ ಮನಿ ಮಂದಿ ಇಳಿಯೂದ ಬ್ಯಾಡ, ಸಾಮಾನು ಇದ್ದ ಮಂದಿನ್ನ ಕರಸ್ರಿ.

ಮಳಿಗಾಲಕ್ಕ ಮೊದಲ ಏನ ಮಾಡಿ ಇಟ್ಕೊಂಡ್ರ ಈ ಪಾಡ ತಪ್ಪತೈತಿ?

ರೋಹಿಣಿ ಮಳಿ ಹೊತ್ತಿಗೆ, ಮೇ ಕೊನೀಗೆ, ಒಂದ ಸಂಜಿ ಅರ್ಧ ತಾಸ ತಗೀರಿ. ಕರೆಂಟ ತಗದು ಸೆಲ್ಲರ್ ತಗ್ಗಿನ ಕಸ, ಹೂಳ ಎತ್ತಿ ಹಾಕ್ರಿ, ಸುತ್ತ ಇಟ್ಟ ಥರ್ಮಾಕೋಲ್, ಚೀಲ, ಕಾಗದದ ಡಬ್ಬಿ ಮ್ಯಾಲ ಒಯ್ಯರಿ. ಆಮ್ಯಾಲ ಕರೆಂಟ ಕೊಟ್ಟು ಆರ್‌ಸಿಸಿಬಿ ಟೆಸ್ಟ್ ಬಟನ್ ಒತ್ತರಿ, ಬಿದ್ರ ಚೊಲೊ ಐತಿ. ಈಗ ಬಕೆಟ್ ಮ್ಯಾಲ ಬಕೆಟ್ ನೀರ ತಗ್ಗಿಗೆ ಸುರೀರಿ, ಫ್ಲೋಟ್ ಏರಬೇಕು, ಮೋಟರ್ ತಾನ ಎದ್ದು ತಾನ ನಿಲ್ಲಬೇಕು, ಮಗನನ್ನೋ ಮಗಳನ್ನೋ ಹೊರಗ ಗಟಾರದ ಹತ್ರ ನಿಲ್ಲಿಸಿ ನೀರ ಬಿತ್ತೇನ ಅಂತ ಕೂಗಿ ಕೇಳ್ರಿ. ಬಿತ್ತು ಅಂದ್ರ ಒಂದ ಹೊಸಾ ಕೆಪ್ಯಾಸಿಟರ್ ತಂದು, ಅದರ ಮ್ಯಾಲ ತಾರೀಖ ಬರದು, ಮೀಟರ್ ಬೋರ್ಡ ಮ್ಯಾಲ ಚೀಲದಾಗ ಕಟ್ಟಿ ಇಡ್ರಿ.